ಬೂಸ್ಟ್ ಏರಿಸುವ ಮೊದಲು ಪೆಟ್ರೋಲಿನ ಲೆಕ್ಕ

ಬೆಳಗಾವಿ

ಚಿರಂಜೀವಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಿನ್ನ ಟರ್ಬೊ ಗಾಡಿ ಓಡುವಾಗಿನ ಅಳತೆಗಳೆಲ್ಲ ದಾಖಲಾದ, ವಿಜಯಪುರದಿಂದ ನೀನು ಕಳಿಸಿದ ಡೇಟಾ ಲಾಗನ್ನು ಸಾಲುಸಾಲಾಗಿ ಓದಿದೆ. ಬೂಸ್ಟನ್ನು, ಅಂದರೆ ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡವನ್ನು, 1.2 ಬಾರ್‌ನಿಂದ 1.4ಕ್ಕೆ ಏರಿಸಲೇ ಎಂದು ಕೇಳಿದ್ದೀಯೆ. ಬೇಡ. ಅಷ್ಟೇ ಅಲ್ಲ, ನಾಳೆಯೇ ಅದನ್ನು ಕಂಪನಿಯ ಮೂಲ 0.9ಕ್ಕೆ ಇಳಿಸು.

ಕಾರಣ ಲಾಗಿನಲ್ಲೇ ಇದೆ. ನಿನ್ನ ಗಾಡಿಯ ಫ್ಯೂಯಲ್ ರೆಗ್ಯುಲೇಟರ್ ಬೂಸ್ಟ್ ಏರಿದಷ್ಟೇ ರೇಲಿನ (ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳಿಗೆ ಅದನ್ನು ಹಂಚುವ ಕೊಳವೆಯ) ಒತ್ತಡವನ್ನೂ ಏರಿಸುವ ಬಗೆಯದು. ಮೂಲ ಒತ್ತಡ 3 ಬಾರ್ ಆದ್ದರಿಂದ 1.2 ಬೂಸ್ಟಿನಲ್ಲಿ ರೇಲಿನಲ್ಲಿ 4.2 ಇರಬೇಕು. 4,000 ಆರ್‌ಪಿಎಂವರೆಗೆ ಅದು ಸರಿಯಾಗಿಯೇ ಇದೆ, ಆದರೆ 5,500ಕ್ಕೆ ಬರುವಷ್ಟರಲ್ಲಿ 3.8ಕ್ಕೆ ಕುಸಿದಿದೆ. ಇಂಜೆಕ್ಟರಿನ ಒಳಹೊರಗಿನ ಒತ್ತಡದ ವ್ಯತ್ಯಾಸ 2.6ಕ್ಕೆ ಇಳಿದಿದ್ದರಿಂದ, ಹರಿವು ಆ ವ್ಯತ್ಯಾಸದ ವರ್ಗಮೂಲವನ್ನು ಅನುಸರಿಸುವ ಲೆಕ್ಕದಲ್ಲಿ, ಪೆಟ್ರೋಲ್ ಸುಮಾರು ಶೇ 7ರಷ್ಟು ಕಡಿಮೆ ಬಿದ್ದಿದೆ; ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಎಷ್ಟು ಪಾಲು ಗಾಳಿ ಎಂದು ತೋರಿಸುವ ವೈಡ್‌ಬ್ಯಾಂಡ್ ಮೀಟರು ಅದೇ ಕ್ಷಣದಲ್ಲಿ 11.8ರಿಂದ 12.7ಕ್ಕೆ ಹೋಗಿದೆ. ಬೂಸ್ಟ್ ಗೇಜಿನ ಮುಳ್ಳು ಮಾತ್ರ ಅಲುಗಾಡಿಲ್ಲ. ಅದನ್ನೊಂದನ್ನೇ ನೋಡುತ್ತ ಓಡಿಸುವವನಿಗೆ ಪಿಸ್ಟನ್ ಸುಡುವವರೆಗೂ ಏನೂ ತಿಳಿಯುವುದಿಲ್ಲ.

ಟ್ಯಾಂಕಿನಿಂದ ರೇಲಿಗೆ ಪೆಟ್ರೋಲ್ ಕಳಿಸುವ ಪಂಪು ಒತ್ತಡ ಹೆಚ್ಚಿದಂತೆ ಕಡಿಮೆ ಪೆಟ್ರೋಲ್ ತಳ್ಳುತ್ತದೆ, ಎಂಜಿನ್ನಿಗೆ ಹೆಚ್ಚು ಬೇಕಾಗುವುದೂ ಆಗಲೇ. ಹೊಸ ಪಂಪು ಕೊಳ್ಳುವ ಮೊದಲು ಫಿಲ್ಟರ್ ಬದಲಿಸು. ಪೂರ್ಣ ಲೋಡಿನಲ್ಲಿ ಪಂಪಿನ ಟರ್ಮಿನಲ್‌ನಲ್ಲೇ ವೋಲ್ಟೇಜ್ ಅಳೆಸು. ಬ್ಯಾಟರಿಯ ಹತ್ತಿರ 13.8 ಇದ್ದು ಪಂಪಿನಲ್ಲಿ 12ಕ್ಕಿಂತ ಕಡಿಮೆ ಸಿಕ್ಕರೆ ದೋಷ ವೈರಿನದು. ದಪ್ಪ ವೈರು ಮತ್ತು ಬೇರೆ ರಿಲೇ ಹಾಕಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಪಂಪು ಸರಿಹೋದರೂ ಇಂಜೆಕ್ಟರಿನ ಮಿತಿ ಉಳಿಯುತ್ತದೆ. ಅದರ ಡ್ಯೂಟಿ, ಅಂದರೆ ಅದು ತೆರೆದಿರುವ ಸಮಯದ ಪಾಲು, ಈಗಲೇ ಶೇ 84 ಇದೆ. 1.4 ಬೂಸ್ಟಿಗೆ ಗಾಳಿ ಸುಮಾರು ಶೇ 9 ಹೆಚ್ಚುವುದರಿಂದ ಡ್ಯೂಟಿ 92ರ ಹತ್ತಿರ ಹೋಗುತ್ತದೆ. 85 ದಾಟಿಸುವುದು ನನಗೆ ಒಪ್ಪಿಗೆಯಿಲ್ಲ. ದೊಡ್ಡ ಇಂಜೆಕ್ಟರ್ ಹಾಕಿದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನನ್ನೂ ಹೊಸದಾಗಿ ಮಾಡಿಸಲೇಬೇಕು. ನಮ್ಮ ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳು ತಯಾರಿಸುವ ಎಥೆನಾಲ್ ಈಗ ಪೆಟ್ರೋಲಿನಲ್ಲಿ ಶೇ 20ರವರೆಗೆ ಇರುತ್ತದೆ. ನಾಕ್, ಅಂದರೆ ಸಿಲಿಂಡರಿನಲ್ಲಿ ಇಂಧನ ಹತೋಟಿ ತಪ್ಪಿ ಸಿಡಿಯುವುದನ್ನು, ತಡೆಯಲು ಅದು ಒಳ್ಳೆಯದೇ, ಆದರೆ ಶೇ 10ರ ಮಿಶ್ರಣಕ್ಕೆ ಮಾಡಿದ ಟ್ಯೂನಿಗೆ ಹೋಲಿಸಿದರೆ ಅಷ್ಟೇ ಗಾಳಿಗೆ ಶೇ 4ರಷ್ಟು ಹೆಚ್ಚು ಇಂಧನ ಕೇಳುತ್ತದೆ. ಅದರ ಮೇಲೆ ವಿಜಯಪುರದ ಮೇ ತಿಂಗಳ 40 ಡಿಗ್ರಿ ಬಿಸಿಗಾಳಿ ಸೇರಿದರೆ, ಜನವರಿಯಲ್ಲಿ ಸುಮ್ಮನಿದ್ದ ಎಂಜಿನ್ ಬೇಸಿಗೆಯಲ್ಲಿ ನಾಕ್ ಹೊಡೆಯುತ್ತದೆ.

ಹೆಚ್ಚಿನ ಹೊಗೆಯನ್ನು ಟರ್ಬೊಗೆ ಹೋಗದಂತೆ ಬೇರೆ ದಾರಿಗೆ ಬಿಟ್ಟು ಬೂಸ್ಟ್ ಹಿಡಿತದಲ್ಲಿಡುವ ವೇಸ್ಟ್‌ಗೇಟಿನ ಹೋಸ್‌ಗಳಿಗೆ ಗಟ್ಟಿ ಕ್ಲಿಪ್ ಹಾಕಿಸು. ಆ ಹೋಸ್ ಕಳಚಿದರೆ ಗೇಟು ತೆರೆಯದೆ ಬೂಸ್ಟ್ ಮಿತಿಮೀರಿ ಏರುತ್ತದೆ. ಅದಕ್ಕಾಗಿ ಇಸಿಯುನಲ್ಲಿ 1.1 ಬಾರ್‌ಗೆ ಓವರ್‌ಬೂಸ್ಟ್ ಕಟ್ ಇಡಿಸು, ಬೂಸ್ಟ್ ಅಷ್ಟು ಮೀರಿದರೆ ಅದೇ ಎಂಜಿನ್ನಿನ ಶಕ್ತಿ ತಡೆಯಲಿ. ಗಾಡಿಯಲ್ಲಿ ಮಾಡುವ ಬದಲಾವಣೆಗಳಿಗೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹಾಕಿದ ಮಿತಿಯನ್ನೂ ವಿಮೆಯ ಷರತ್ತುಗಳನ್ನೂ ಒಮ್ಮೆ ಓದಿಕೋ.

ಪರೀಕ್ಷೆಯನ್ನು ಡೈನೋ ಮೇಲೆ, ಅಂದರೆ ಗಾಡಿಯನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರದ ಮೇಲೆ, ಮಾಡಿಸು. ವಂಟಮುರಿ ಘಾಟಿನ ಏರಿನಲ್ಲಿ, ಲಾರಿಗಳ ನಡುವೆ, ನೀನು ಲ್ಯಾಪ್‌ಟಾಪ್ ನೋಡುತ್ತ ಎಕ್ಸಲರೇಟರ್ ಒತ್ತುವುದು ನನಗೆ ಬೇಡ. 0.9ರಲ್ಲಿ ರೇಲಿನ ಒತ್ತಡ ರೆಡ್‌ಲೈನ್‌ವರೆಗೂ (ಎಂಜಿನ್ನಿನ ಗರಿಷ್ಠ ಆರ್‌ಪಿಎಂವರೆಗೂ) 3.9ರಲ್ಲಿ ನಿಂತ ಲಾಗನ್ನು ಕಳಿಸು, ಮುಂದಿನ 0.1ರ ಮಾತನ್ನು ಆಮೇಲೆ ಆಡೋಣ.

ಇತಿ,
ನಿನ್ನ ಕಾಕಾ