ಸಾವ್ತಾ ಮನೆಯ ಟೀವಿಗೆ, ಸಯ್ಯದ್ ಕಶುವಾ ಅವರಿಗೆ

ಇಸ್ರೇಲಿನಲ್ಲಿ ಐದು ವರ್ಷ ಕೇರ್‌ಗಿವರ್ ಕೆಲಸ ಮುಗಿಸಿ ಹೋದ ವಾರ ಉಡುಪಿಗೆ ಬಂದೆ. ಮನೆ ಸಾಲ ತೀರಿತು. ಕಷ್ಟಕ್ಕಾದ ಗೆಳತಿಯರಿಗೆ, ನಾನು ಆರೈಕೆ ಮಾಡುತ್ತಿದ್ದ ಸಾವ್ತಾ (ಹೀಬ್ರೂವಿನಲ್ಲಿ ಅಜ್ಜಿ), ನನ್ನನ್ನು ಮನೆಯವಳಂತೆ ನೋಡಿಕೊಂಡ ಅವರ ಮಕ್ಕಳಿಗೆ ಕೈ ಮುಗಿಯುತ್ತೇನೆ. ಇನ್ನೊಬ್ಬರಿದ್ದಾರೆ. ಅವರ ಮುಖ ನಾನು ನೋಡಿಲ್ಲ. ಸಯ್ಯದ್ ಕಶುವಾ.

2007ರಲ್ಲಿ ಶುರುವಾದ 'ಅವೋದಾ ಅರವಿತ್' ಎಂಬ ಇಸ್ರೇಲಿ ಟೀವಿ ಕಾಮಿಡಿ ಧಾರಾವಾಹಿ ಬರೆದವರು ಅವರು. 'ಅರಬ್ಬರ ಕೆಲಸ' ಎಂದು ಅರ್ಥ. ಕಾಟಾಚಾರಕ್ಕೆ ಮಾಡಿದ ಕೆಲಸವನ್ನು ಅಲ್ಲಿ ಹಾಗೆ ಹೀಯಾಳಿಸುತ್ತಾರೆ. ಸ್ವತಃ ಅರಬ್ಬರಾದ ಕಶುವಾ ಆ ಹೀಯಾಳಿಕೆಯನ್ನೇ ಧಾರಾವಾಹಿಗೆ ಹೆಸರಿಟ್ಟರು. ಮಾತು ಜಾಸ್ತಿ ಅರಬ್ಬಿಯಲ್ಲಿ, ಕೆಳಗೆ ಹೀಬ್ರೂ ಸಬ್‌ಟೈಟಲ್.

ನಮ್ಮ ಸಾವ್ತಾಗೆ ಅದರ ಹಳೇ ಕಂತುಗಳೆಂದರೆ ಪ್ರಾಣ. ಕಣ್ಣು ಮಾತ್ರ ಮಂಜು. "ನೀನೇ ಓದು" ಎಂದರು. ಹೀಬ್ರೂವಿನಲ್ಲಿ ಸ್ವರ ಬರೆಯುವುದೇ ಕಡಿಮೆ. ಅದೇ ಮೂರು ಅಕ್ಷರ ಸೇಫೆರ್ ಆದರೆ ಪುಸ್ತಕ, ಸಪಾರ್ ಆದರೆ ಕ್ಷೌರದವನು. ನಾನು ತಪ್ಪಿದಾಗೆಲ್ಲ ಸಾವ್ತಾ ರಿಮೋಟಿನಲ್ಲಿ ನಿಲ್ಲಿಸಿ, ನನ್ನ ಮಂಡಿ ತಟ್ಟಿ, ಸರಿಯಾಗಿ ಹೇಳಿಸಿ, ಮತ್ತೆ ಹಾಕುತ್ತಿದ್ದರು. ಒಂದು ಕಂತಿಗೆ ಒಂದೂವರೆ ಗಂಟೆ. ನನ್ನ ಹೀಬ್ರೂ ಬಂದದ್ದು ಹೀಗೆ.

ಮೊದಲ ಕಂತಿನಲ್ಲಿ ಅಮ್ಜದ್ ಎಂಬ ಪತ್ರಕರ್ತ ಚೆಕ್‌ಪೋಸ್ಟಿನಲ್ಲಿ ದಿನಾ ತಡೆಸಿಕೊಳ್ಳುತ್ತಾನೆ. ಯಾಕೆ? ಅವನ ಹಳೇ ಸುಬಾರು ಕಾರು ನೋಡಿದರೆ ಅರಬ್ಬನೆಂದು ಗೊತ್ತಾಗುತ್ತದಂತೆ. ಅವನು ಹೋಗಿ ರೋವರ್ ಕೊಳ್ಳುತ್ತಾನೆ. ಸಾವ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಸುಮ್ಮನಾದರು. ಅರಬ್ಬರ ಮನೆಯ ಅಡುಗೆಮನೆ, ಗಂಡ ಹೆಂಡತಿ ಜಗಳ ಎಲ್ಲ ಯಹೂದಿ ಅಜ್ಜಿಯೊಬ್ಬಳ ಹಾಲ್‌ಗೆ ಬಂದಿತ್ತು. ಪಕ್ಕದಲ್ಲಿ ನಾನಿದ್ದೆ. ಎಂಥ ದೊಡ್ಡ ಕೆಲಸ ಅಲ್ವಾ ಅದು?

ಕಶುವಾ ಇಸ್ರೇಲಿನ ತೀರಾ ಎಂಬ ಅರಬ್ಬರ ಊರಿನವರು. ಮನೆಮಾತು ಅರಬ್ಬಿ. ಹದಿನೈದನೇ ವಯಸ್ಸಿನಲ್ಲಿ ಜೆರುಸಲೇಮಿನ ಹಾಸ್ಟೆಲ್ ಶಾಲೆಗೆ ಹೋದರು, ಮುಂದೆ ಕಾದಂಬರಿ, ಅಂಕಣ ಎಲ್ಲ ಹೀಬ್ರೂವಿನಲ್ಲೇ ಬರೆದರು. 2014ರಲ್ಲಿ ಬೇಸತ್ತು ಸಂಸಾರ ಸಮೇತ ಅಮೆರಿಕಕ್ಕೆ ಹೋದರು ಎಂದು ತಿಳಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ನನ್ನ ಮನೆಮಾತು ತುಳು, ಬರೆಯುವುದು ಶಾಲೆ ಕಲಿಸಿದ ಕನ್ನಡ. ಹಾಗಾಗಿ ಅವರು ನನಗೆ ದೂರದವರು ಅನಿಸಲೇ ಇಲ್ಲ.

ಕಶುವಾ ಅವರೇ, ನಿಮಗೆ ತುಂಬಾ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಅಮ್ಮನಿಗೆ ಫೋನಿನಲ್ಲಿ ಸುಬಾರು ಕಂತು ಹಾಕಿದೆ. "ಆಯೆ ದಾನೆ ಪಣ್ಪೆ?" ಏನು ಹೇಳ್ತಾನೆ ಅವನು, ಎಂದು ಅಮ್ಮ ಕೇಳುತ್ತಿದ್ದರು. ನಾನು ನಿಲ್ಲಿಸಿ, ತುಳುವಿನಲ್ಲಿ ಹೇಳಿ, ಮತ್ತೆ ಹಾಕುತ್ತಿದ್ದೆ.