ಕಣ್ಣಿನ ಶಿಬಿರಕ್ಕೆ ಜನ ಯಾಕೆ ದುಡ್ಡು ಕೊಡುತ್ತಾರೆ? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಮೊನ್ನೆ ನಮ್ಮೂರ ಹತ್ತಿರ ಉಚಿತ ಕಣ್ಣಿನ ಶಿಬಿರ ಉದ್ಘಾಟನೆ ಮಾಡಿ ನೀವು ಮಾತಾಡಿದಿರಿ. ಚಿಕ್ಕಬಳ್ಳಾಪುರ ಜಿಲ್ಲೆಯ ಜನ ನೀರಿಲ್ಲದಿದ್ದರೂ ಇಂಥ ಶಿಬಿರ ನಡೆಸುವ ಸಂಸ್ಥೆಗಳಿಗೆ ಕೈಬಿಚ್ಚಿ ಕೊಡುತ್ತಾರೆ, ಅದು ನಮ್ಮ ಜನರ ದೊಡ್ಡ ಗುಣ ಅಂದಿರಿ. ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ಕೈ ಏಳಲಿಲ್ಲ. ಜನ ಯಾಕೆ ಕೊಡುತ್ತಾರೆ ಅಂತ ನಿಮಗೆ ಯಾರೂ ಹೇಳಿದ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಮ್ಮ ತಾಲ್ಲೂಕು ಆಸ್ಪತ್ರೆಗೆ ಒಬ್ಬ ಕಾಯಂ ಕಣ್ಣಿನ ಸರ್ಜನ್ ಬೇಕು. ಅಲ್ಲಿ ಬೀಗ ಬಿದ್ದಿರುವ ಆಪರೇಷನ್ ಥಿಯೇಟರ್ ತೆರೆಯಬೇಕು.

ನಮ್ಮದು ರೇಷ್ಮೆ ಮನೆ. ಹಣ್ಣಾದ ಹುಳು, ಅಂದರೆ ಗೂಡು ಕಟ್ಟೋಕೆ ತಯಾರಾದ ಹುಳು ಆರಿಸಿ, ಅದು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಕೆಲಸ ಮೊದಲಿಂದಲೂ ಅಮ್ಮನದೇ. ಹಣ್ಣಾದ ಹುಳುವಿನ ಮೈ ಗಾಜಿನ ಥರ ಒಳಗಿಂದ ಹೊಳೆಯುತ್ತದೆ, ಇನ್ನೂ ಸೊಪ್ಪು ಮೇಯುವ ಹುಳು ಹಾಗಿರಲ್ಲ. ಆ ವ್ಯತ್ಯಾಸ ಕಾಣುವುದು ಕಣ್ಣಿಗೆ ಮಾತ್ರ. ಅಮ್ಮ ಮೇಯುವ ಹುಳುವನ್ನೂ ಚಂದ್ರಿಕೆಗೆ ಬಿಡೋಕೆ ಶುರು ಮಾಡಿದಾಗಲೇ ನಮಗೆ ಗೊತ್ತಾಗಿದ್ದು. ಆ ಬೆಳೆಯ ಗೂಡು ಶಿಡ್ಲಘಟ್ಟ ಮಾರ್ಕೆಟ್ಟಿನಲ್ಲಿ ಯಾವ ರೇಟಿಗೆ ಹೋಯಿತು ಅಂತ ಹೇಳೋಕೂ ಬೇಜಾರು. ಅವತ್ತಿಂದ ಅಮ್ಮ ಹುಳುವಿನ ಮನೆಗೆ ಕಾಲಿಡಲಿಲ್ಲ. ಗೋಡೆಗೆ ಒರಗಿ ಸುಮ್ನೆ ಕೂರುತ್ತಿದ್ದಳು.

ಆಶಾ ಕಾರ್ಯಕರ್ತೆ ಮನೆಗೇ ಬಂದು ಕಣ್ಣು ನೋಡಿ ಹೆಸರು ಬರೆದುಕೊಂಡರು. ಅವರ ಕೆಲಸ ಅವರು ಸರಿಯಾಗೇ ಮಾಡಿದರು. ಆಸ್ಪತ್ರೆಯಲ್ಲೂ ಎರಡೂ ಕಣ್ಣಿಗೆ ಪೊರೆ ಇದೆ ಅಂದರು, ಶುಗರ್, ಬಿಪಿ ನೋಡಿ ತಾರೀಖು ಕೊಟ್ಟರು. ಆ ತಾರೀಖು ಮುಂದಕ್ಕೆ ಹೋಯಿತು. ಮತ್ತೆ ಹೋಯಿತು. ಕೊನೆಗೆ ಒಂದು ದಿನ ಖಂಡಿತ ಆಗುತ್ತೆ ಬನ್ನಿ ಅಂತ ಕರೆಸಿ, ಯಾವ ಕಣ್ಣು ಅಂತ ಗೊತ್ತಾಗೋಕೆ ಅಮ್ಮನ ಹಣೆಗೆ ಎಡಗಣ್ಣಿನ ನೇರಕ್ಕೆ ಪ್ಲಾಸ್ಟರ್ ಅಂಟಿಸಿ, ಪಾಪೆ ದೊಡ್ಡದಾಗೋ ಡ್ರಾಪ್ಸ್ ಹಾಕಿ ಬೆಂಚಿನ ಮೇಲೆ ಕೂರಿಸಿದರು. ಅದೇ ಬೆಂಚಿನಲ್ಲಿ ಹಣೆಗೆ ಪ್ಲಾಸ್ಟರ್ ಅಂಟಿಸಿಕೊಂಡ ಇನ್ನೂ ಎಷ್ಟೋ ಮುದುಕರು ಸಾಲಾಗಿ ಕೂತಿದ್ದರು. ಮಧ್ಯಾಹ್ನ ಒಬ್ಬರು ಬಂದು, ಸರ್ಜನ್ನರನ್ನು ಬೇರೆ ಕಡೆ ಡೆಪ್ಯುಟೇಷನ್ ಮೇಲೆ ಹಾಕಿದ್ದಾರೆ, ಇವತ್ತು ಆಗಲ್ಲ, ಹೋಗಿ ಅಂದರು. ಅಷ್ಟೇ. ಮುಂದೆ ಯಾವಾಗ ಅಂತ ಕೇಳಿದರೆ ಉತ್ತರವಿಲ್ಲ.

ಆ ಡ್ರಾಪ್ಸ್ ಹಾಕಿದ ಮೇಲೆ ಬಿಸಿಲು ಕಣ್ಣಿಗೆ ಹೇಗೆ ಚುಚ್ಚುತ್ತೆ ಅಂತ ನಿಮಗೆ ಗೊತ್ತಾ ಸಾರ್? ಮೊದಲೇ ಮಂಜು ಮಂಜು. ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು, ನನ್ನ ತೋಳು ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದಳು. ಬಸ್ ಹತ್ತುವಾಗ ಮೆಟ್ಟಿಲು ಕಾಣದೆ ಮೊಣಕಾಲು ಒಡೆದುಕೊಂಡಳು. ಡಾಕ್ಟರ್ ಇರಲ್ಲ ಅಂತ ಬೆಳಿಗ್ಗೆ ಗೊತ್ತಿರಲಿಲ್ವಾ? ಗೊತ್ತಿದ್ದೂ ಆ ಮುದುಕರ ಕಣ್ಣಿಗೆ ಯಾಕೆ ಡ್ರಾಪ್ಸ್ ಹಾಕಿದರು? ಇದಕ್ಕೆ ಯಾರಾದರೂ ಉತ್ತರ ಕೊಡಬೇಕು.

ಆಮೇಲೆ ಒಂದು ಧರ್ಮಸಂಸ್ಥೆಯ ಬಸ್ಸು ಊರ ಶಾಲೆ ಹತ್ತಿರ ಬಂತು. ಕಣ್ಣು ನೋಡಿ, ಬೇಕಾದವರನ್ನು ಅವತ್ತೇ ಕರೆದುಕೊಂಡು ಹೋದರು. ಊಟ, ಹಾಸಿಗೆ, ಆಪರೇಷನ್, ಕಪ್ಪು ಕನ್ನಡಕ, ಡ್ರಾಪ್ಸ್, ವಾಪಸ್ ಬಸ್ಸು, ಯಾವುದಕ್ಕೂ ಒಂದು ರೂಪಾಯಿ ಕೇಳಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಅರ್ಧ ಗಂಟೆಯೊಳಗೆ ಅಮ್ಮನನ್ನು ಹೊರಗೆ ತಂದರು. ಮಂಜಾದ ಹಳೆ ಲೆನ್ಸ್ ತೆಗೆದು ಹೊಸದನ್ನು ಕೂರಿಸಿದ್ದರು. ಮಾರನೇ ದಿನ ಪಟ್ಟಿ ಬಿಚ್ಚಿದರು. ಮನೆಗೆ ಬಂದು ಸ್ವಲ್ಪ ದಿನಕ್ಕೆ ಅಮ್ಮ ಮೊರ ಎತ್ತಿಕೊಂಡು ಅಕ್ಕಿ ಆರಿಸೋಕೆ ಕೂತಳು. ಒಂದೊಂದೇ ಕಲ್ಲು ತೆಗೆದು ಪಕ್ಕಕ್ಕಿಡುತ್ತಾ, "ಇಷ್ಟು ದಿನ ನಿಮಗೆಲ್ಲ ಕಲ್ಲು ತಿನ್ನಿಸಿದ್ದೀನಲ್ಲೋ" ಅಂತ ಅತ್ತಳು.

ಜನ ಯಾಕೆ ಕೊಡುತ್ತಾರೆ ಅಂದರೆ ಇದಕ್ಕೇ ಸಾರ್. ಕೊಟ್ಟ ದುಡ್ಡು ಏನಾಯ್ತು ಅನ್ನೋದು ಮಾರನೇ ದಿನ ಊರಲ್ಲೇ ನಡೆದಾಡುತ್ತಿರುತ್ತದೆ. ಯಾರೂ ಲೆಕ್ಕ ತೋರಿಸಬೇಕಾಗಿಲ್ಲ. ಅಷ್ಟೇ ಅಲ್ಲ, ಕಣ್ಣು ಕಾಣದ ಒಬ್ಬರಿದ್ದರೆ ಅವರನ್ನು ನೋಡಿಕೊಳ್ಳೋಕೆ ಇನ್ನೊಬ್ಬರ ಕೂಲಿ ಹೋಗುತ್ತದೆ, ಎಷ್ಟೋ ಮನೆಗಳಲ್ಲಿ ಮೊಮ್ಮಗಳ ಸ್ಕೂಲೇ ಹೋಗುತ್ತದೆ. ಒಬ್ಬರಿಗೆ ಕಣ್ಣು ಬಂದರೆ ಇಬ್ಬರು ಕೆಲಸಕ್ಕೆ ಹೋಗುತ್ತಾರೆ. ನಮ್ಮೂರಲ್ಲಿ ಗಾರೆ ಕೆಲಸದವರೊಬ್ಬರು ತಮ್ಮ ತಂದೆಗೆ ಆಪರೇಷನ್ ಆದಾಗಿಂದ ಪ್ರತಿ ಯುಗಾದಿಗೆ ಆ ಸಂಸ್ಥೆಗೆ ಐನೂರು ರೂಪಾಯಿ ಕಳಿಸುತ್ತಾರೆ. ಅವರ ಹತ್ತಿರ ದುಡ್ಡು ಜಾಸ್ತಿ ಇದೆ ಅಂತಲ್ಲ.

ಇದು ಇವತ್ತು ನಿನ್ನೆಯದೂ ಅಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ, ಶಾಲೆ, ಛತ್ರಗಳಲ್ಲಿ ಸಾಲಾಗಿ ಮಲಗಿಸಿ ಪೊರೆ ತೆಗೆದದ್ದನ್ನು ನಮ್ಮ ಹಿರಿಯರು ಇನ್ನೂ ಹೇಳುತ್ತಾರೆ. 2006ರಲ್ಲಿ ಡಾ. ರಾಜ್‌ಕುಮಾರ್ ಕಣ್ಣು ದಾನವಾಯಿತು. 2021ರಲ್ಲಿ ಪುನೀತ್ ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು, ಆಗ ಕಣ್ಣು ಬರೆದುಕೊಡೋಕೆ ಹುಡುಗರು ಮುಗಿಬಿದ್ದರು. ಅದು ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ವಿಷಯ, ಪೊರೆಯದ್ದಲ್ಲ. ಆದರೆ ಜನರ ಮನಸ್ಸು ಒಂದೇ.

ಇನ್ನೊಂದು ಮಾತು. ಕೇಂದ್ರ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು 1976ರಲ್ಲಿ. ಅದೇ ವರ್ಷ ಮಧುರೈನಲ್ಲಿ ಡಾ. ವೆಂಕಟಸ್ವಾಮಿ ರಿಟೈರ್ ಆದ ಮೇಲೆ 11 ಹಾಸಿಗೆಯ ಅರವಿಂದ್ ಕಣ್ಣಿನ ಆಸ್ಪತ್ರೆ ತೆರೆದರು. ಹೊರದೇಶದ ಲೆನ್ಸ್ ದುಬಾರಿ ಅಂತ 1992ರಲ್ಲಿ ಲೆನ್ಸ್ ತಯಾರಿಸೋಕೆ ಅರೋಲ್ಯಾಬನ್ನೂ ಶುರು ಮಾಡಿದರು. ಅಷ್ಟು ಚಿಕ್ಕದಾಗಿ ಶುರುವಾದ ಆಸ್ಪತ್ರೆ ಇವತ್ತು ಲಕ್ಷಾಂತರ ಬಡವರಿಗೆ ಪುಕ್ಕಟೆ ಆಪರೇಷನ್ ಮಾಡಿದೆ. ಅದೇ ವರ್ಷ ಶುರುವಾದ ಸರ್ಕಾರದ ಕಾರ್ಯಕ್ರಮದಲ್ಲಿ ನಮ್ಮ ತಾಲ್ಲೂಕಿಗೆ ಇವತ್ತಿಗೂ ಒಬ್ಬ ಕಾಯಂ ಸರ್ಜನ್ ಇಲ್ಲ.

ನಿಯಮ ನಿಮಗೆ ಗೊತ್ತೇ ಇದೆ. ಈಗ ಶಾಲೆ, ಛತ್ರಗಳಲ್ಲಿ ಆಪರೇಷನ್ ಮಾಡುವಂತಿಲ್ಲ, ಸೋಂಕಾದರೆ ಇದ್ದ ಕಣ್ಣೂ ಹೋಗುತ್ತದೆ, ಥಿಯೇಟರಿನಲ್ಲೇ ಆಗಬೇಕು. ಸರಿಯಾದ ನಿಯಮ, ಒಪ್ಪುತ್ತೇನೆ. ಹಾಗಾದರೆ ಜನರ ತೆರಿಗೆ ದುಡ್ಡಲ್ಲಿ ಕಟ್ಟಿದ ಥಿಯೇಟರಿಗೆ ಬೀಗ ಯಾಕೆ? ನಾನು ಹೋದಾಗ ಆ ಬಾಗಿಲ ಮುಂದೆ ಮುರಿದ ಸ್ಟ್ರೆಚರ್, ಹಳೆ ಬ್ಯಾನರ್ ಗುಡ್ಡೆ ಬಿದ್ದಿತ್ತು. ನೋಡಿ ಮೈ ಉರಿದುಹೋಯಿತು. ಧರ್ಮಸಂಸ್ಥೆಯ ಬಸ್ಸು ಬರುವುದು ಅವರಿಗೆ ಆದಾಗ. ಪೊರೆ ಅಲ್ಲಿವರೆಗೆ ಕಾಯಲ್ಲ.

ಪಕ್ಕದ ಮನೆ ಅಜ್ಜಿಯ ಹೆಸರೂ ಅಮ್ಮನ ಜೊತೆಗೇ ಆ ಪಟ್ಟಿಯಲ್ಲಿತ್ತು. ಬಸ್ಸು ಬಂದ ದಿನ ಜ್ವರ ಅಂತ ಅವರು ಹೋಗಲಿಲ್ಲ. ಇವತ್ತಿಗೂ ಅವರಿಗೆ ತಾರೀಖಿಲ್ಲ. ಪೊರೆ ತೀರಾ ಬಲಿತರೆ ಕಣ್ಣಿನೊಳಗೆ ಒತ್ತಡ ಏರಿ ನರ ಹಾಳಾಗಬಹುದು, ಒಮ್ಮೆ ನರ ಹೋದರೆ ಆಮೇಲೆ ಯಾವ ಆಪರೇಷನ್ನೂ ದೃಷ್ಟಿ ತರಲ್ಲ. ಅಜ್ಜಿಗೆ ಈಗ ರಾತ್ರಿ ಹೊತ್ತು ಕಣ್ಣು ನೋವು ಶುರುವಾಗಿದೆ. ಇದಕ್ಕೆ ಯಾರು ಜವಾಬ್ದಾರಿ ಸಾರ್?

ಅದಕ್ಕೇ ಮತ್ತೆ ಕೇಳುತ್ತಿದ್ದೇನೆ. ಕಾಯಂ ಸರ್ಜನ್ ಹಾಕಿಸಿ. ಹಾಕಿದವರನ್ನು ಡೆಪ್ಯುಟೇಷನ್ ಅಂತ ಎತ್ತಿಕೊಂಡು ಹೋಗದ ಹಾಗೆ ನೋಡಿಕೊಳ್ಳಿ. ವಾರದಲ್ಲಿ ಯಾವ ದಿನ ಆಪರೇಷನ್, ಕಾಯುವವರು ಯಾರ್ಯಾರು ಅಂತ ಆಸ್ಪತ್ರೆ ಬಾಗಿಲಲ್ಲೇ ಬರೆದು ಹಾಕಿಸಿ. ಡಾಕ್ಟರ್ ಇಲ್ಲದ ದಿನ ಯಾರ ಕಣ್ಣಿಗೂ ಡ್ರಾಪ್ಸ್ ಹಾಕಬೇಡಿ ಅಂತ ಹೇಳಿ. ಸಂಸ್ಥೆಗಳಿಗೆ ನಾವು ಕೊಡುವುದನ್ನು ನಿಲ್ಲಿಸಲ್ಲ, ಅವರ ಋಣ ದೊಡ್ಡದು. ನಿಮ್ಮಿಂದ ಕೇಳುತ್ತಿರುವುದು ದಾನವಲ್ಲ. ಒಬ್ಬ ಡಾಕ್ಟರು, ಒಂದು ಬೀಗದ ಕೈ. ಅಜ್ಜಿಗೆ ಈ ತಿಂಗಳೊಳಗೆ ತಾರೀಖು ಬೇಕು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ರೇಷ್ಮೆ ಬೆಳೆಗಾರ