ಲ್ಯಾಪ್‌ಟಾಪ್ ಡಬ್ಬಿಯ ಮೇಲೆ ಕೂಲಿಂಗ್ ಎಷ್ಟು ವ್ಯಾಟ್ ಅಂತ ಬರೆಸಿ: ಸಚಿವ ಪ್ರಲ್ಹಾದ ಜೋಶಿ ಅವರಿಗೆ ಬಹಿರಂಗ ಪತ್ರ

ಮಾನ್ಯ ಪ್ರಲ್ಹಾದ ಜೋಶಿ ಅವರಿಗೆ,

ನಮಸ್ಕಾರ. ನೀವು ನಮ್ಮ ಧಾರವಾಡ ಕ್ಷೇತ್ರದ ಸಂಸದರು, ಜೊತೆಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಸಚಿವರು. ಎರಡೂ ಕಾರಣಕ್ಕೆ ಈ ಪತ್ರ ನಿಮಗೇ ಬರೆಯುತ್ತಿದ್ದೇನೆ. ಒಂದು ಲ್ಯಾಪ್‌ಟಾಪಿನ ಕೂಲಿಂಗ್ ಎಷ್ಟು ಬಿಸಿಯನ್ನು ಹೊರಗೆ ಹಾಕಬಲ್ಲದು ಅಂತ ಕೊಳ್ಳುವವರಿಗೆ ಯಾರೂ ಹೇಳುತ್ತಿಲ್ಲ. ಹೇಳಿಸುವ ಅಧಿಕಾರ ನಿಮ್ಮ ಇಲಾಖೆಗಿದೆ.

ನನ್ನ ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಹತ್ತಿರ ಇರುವುದು 2013ರ ಕಾಲದ ಒಂದು ಸೆಕೆಂಡ್ ಹ್ಯಾಂಡ್ ಗೇಮಿಂಗ್ ಲ್ಯಾಪ್‌ಟಾಪ್. ಒಳಗಿದ್ದದ್ದು ಇಂಟೆಲ್‌ನ ಐ5-4200ಎಂ ಪ್ರೊಸೆಸರ್. ಎರಡೇ ಕೋರ್ (ಲೆಕ್ಕ ಮಾಡುವ ಘಟಕ), 37 ವ್ಯಾಟ್, ಅಂದರೆ ಜೋರಾಗಿ ದುಡಿಯುವಾಗ ಕೂಲಿಂಗ್ ಹೊರಗೆ ಹಾಕಬೇಕಾದ ಬಿಸಿ ಅಷ್ಟು. ಹೊಸದು ಕೊಡಿಸುವಷ್ಟು ದುಡ್ಡು ಮನೆಯಲ್ಲಿ ಇರಲಿಲ್ಲ, ಪ್ರೊಸೆಸರ್ ಬದಲಿಸೋಣ ಅಂತ ಹೊರಟೆವು. ಆ ತಲೆಮಾರಿನವರೆಗೆ ಲ್ಯಾಪ್‌ಟಾಪಿನಲ್ಲೂ ಸಾಕೆಟ್, ಅಂದರೆ ಚಿಪ್ ಕೂರಿಸಿ ತೆಗೆಯುವ ಗೂಡು, ಇರುತ್ತಿತ್ತು. ಲಾಕ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಸಾಕು, ಚಿಪ್ ಎದ್ದು ಕೈಗೆ ಬರುತ್ತದೆ.

ಕೇಳಿದ ಕಡೆಯಲ್ಲೆಲ್ಲ ಐ7-4700ಎಂಕ್ಯೂ ಹಾಕಿ ಅಂದರು. ಅದು ನಾಲ್ಕು ಕೋರಿನದು, 47 ವ್ಯಾಟ್. ಅದೇ ಸಾಕೆಟ್ಟಿಗೆ ಕೂರುವ ಐ7-4702ಎಂಕ್ಯೂ ಅಂತ ಇನ್ನೊಂದಿದೆ. ಇದಕ್ಕೂ ನಾಲ್ಕು ಕೋರ್, ಆದರೆ 37 ವ್ಯಾಟ್ ಅಷ್ಟೇ. ವೇಗದಲ್ಲಿ ವ್ಯತ್ಯಾಸ ಬಹಳ ಇಲ್ಲ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 2.2.

ಹತ್ತು ವ್ಯಾಟ್ ಏನು ಮಹಾ ಅನ್ನಿಸಬಹುದು. ಹಿಂದಿನ ಮುಚ್ಚಳ ಬಿಚ್ಚಿದರೆ ಗೊತ್ತಾಗುತ್ತದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡರ ಮೇಲೂ ಹಾದು ಹೋಗುವುದು ಬಿಸಿ ಸಾಗಿಸುವ ಒಂದೇ ತಾಮ್ರದ ಕೊಳವೆ, ಹೀಟ್‌ಪೈಪ್. ಅದರ ತುದಿಯಲ್ಲಿ ಒತ್ತೊತ್ತಾಗಿ ಜೋಡಿಸಿದ ತೆಳು ತಗಡುಗಳು, ಪಕ್ಕದಲ್ಲಿ ಒಂದು ಫ್ಯಾನ್. ತಗಡಿನ ಸಂದಿಯಲ್ಲಿ ಧೂಳು ಪದರ ಕಟ್ಟಿತ್ತು. ಚಿಪ್ಪಿನ ಬಿಸಿಯನ್ನು ಪೈಪಿಗೆ ದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಒಣಗಿ ಪುಡಿಪುಡಿಯಾಗಿತ್ತು. ಪ್ರೊಸೆಸರ್ ಹತ್ತು ವ್ಯಾಟ್ ಜಾಸ್ತಿ ಬಿಸಿ ಮಾಡಿದರೆ ಅದು ಗ್ರಾಫಿಕ್ಸ್ ಚಿಪ್ಪಿನ ಪಾಲಿನಿಂದಲೇ ಹೋಗುತ್ತದೆ. ಹೆಚ್ಚುಕಡಿಮೆ 100 ಡಿಗ್ರಿ ಮುಟ್ಟಿತು ಅಂದರೆ ಚಿಪ್ ತಾನಾಗೇ ವೇಗ ಇಳಿಸಿಕೊಳ್ಳುತ್ತದೆ. ಅರ್ಧ ಇಂಚಿನ ಪೈಪಿಗೆ ದೊಡ್ಡ ಮೋಟರ್ ಹಾಕಿದ ಹಾಗೆ, ದುಡ್ಡು ಕೊಟ್ಟಿದ್ದಕ್ಕೆ ತಕ್ಕಷ್ಟು ಕೆಲಸ ಸಿಗುವುದಿಲ್ಲ.

ಆ ಕೂಲಿಂಗ್ 37 ವ್ಯಾಟಿಗೆ ಮಾಡಿದ್ದಾ, 47ಕ್ಕೆ ಮಾಡಿದ್ದಾ? ಡಬ್ಬಿಯ ಮೇಲೆ ಇಲ್ಲ, ಮ್ಯಾನುಯಲ್‌ನಲ್ಲಿ ಇಲ್ಲ. ಕಂಪನಿಗೆ ಫೋನ್ ಮಾಡಿದರೆ ಆ ಕಡೆಯವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕೊನೆಗೆ 4702 ಹಾಕಿದೆವು. ಲ್ಯಾಪ್‌ಟಾಪ್ ಶುರು ಮಾಡುವ ತಂತ್ರಾಂಶವಾದ ಬಯಾಸ್ ಮೊದಲೇ ಅಪ್‌ಡೇಟ್ ಮಾಡಿದ್ದರಿಂದ ಹೊಸ ಚಿಪ್ಪನ್ನು ತಕ್ಷಣ ಗುರುತಿಸಿತು. ಏಪ್ರಿಲ್ ಬಿಸಿಲಿನಲ್ಲೂ ಗೇಮ್ ಆಡುವಾಗ 90ರ ಒಳಗೇ ನಿಂತಿದೆ. ಹುಡುಗನ ಓದು ನಡೆಯುತ್ತಿದೆ.

ಇದು ಹಳೆಯ ಲ್ಯಾಪ್‌ಟಾಪಿನ ಮಾತು ಅಂತ ಬಿಡಬೇಡಿ ಸರ್. ಐದನೇ ತಲೆಮಾರಿನಿಂದ ಇಂಟೆಲ್‌ನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು ಬೋರ್ಡಿಗೇ ಬೆಸುಗೆಯಾಗಿ ಬರುತ್ತಿವೆ. ಆಮೇಲೆ ಬದಲಿಸುವ ದಾರಿ ಇಲ್ಲ, ಕೊಳ್ಳುವ ದಿನವೇ ಸರಿಯಾಗಿ ಆರಿಸಬೇಕು. ಹಾಗೆ ಆರಿಸಲು ಬೇಕಾದ ಅಂಕಿಯೇ ನಮಗೆ ಸಿಗುತ್ತಿಲ್ಲ. ಐ7-12700ಎಚ್ ನೋಡಿ. ಇಂಟೆಲ್ ಕೊಟ್ಟ ಮೂಲ ಅಂಕಿ 45 ವ್ಯಾಟ್, ಗರಿಷ್ಠ 115. ದಪ್ಪ ಲ್ಯಾಪ್‌ಟಾಪಿನಲ್ಲಿ ಇದೇ ಚಿಪ್ ಗಂಟೆಗಟ್ಟಲೆ ಜೋರಾಗಿ ಓಡುತ್ತದೆ, ತೆಳುವಾದದ್ದರಲ್ಲಿ ಸ್ವಲ್ಪ ಹೊತ್ತಿಗೇ ಸುಸ್ತಾಗುತ್ತದೆ. ಅಂಗಡಿಯಲ್ಲಿ ಎರಡರ ಮೇಲೂ ಅದೇ ‘ಐ7’ ಸ್ಟಿಕ್ಕರ್. ಗ್ರಾಫಿಕ್ಸ್ ಚಿಪ್ಪಿನಲ್ಲೂ ಇದೇ ಕಥೆ ಆಗಿತ್ತು. ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3060 ಲ್ಯಾಪ್‌ಟಾಪ್ ಚಿಪ್ 60 ವ್ಯಾಟಿನಿಂದ 115 ವ್ಯಾಟಿನವರೆಗೆ ಹೇಗೆ ಬೇಕಾದರೂ ಬರುತ್ತಿತ್ತು. ಜನ ಗಲಾಟೆ ಮಾಡಿದ ಮೇಲೆ, 2021ರಲ್ಲಿ, ವ್ಯಾಟ್ ಎಷ್ಟು ಅಂತ ಬರೆಯಲೇಬೇಕು ಅಂತ ಎನ್ವಿಡಿಯಾ ಲ್ಯಾಪ್‌ಟಾಪ್ ಕಂಪನಿಗಳಿಗೆ ಹೇಳಿತು. ಮನಸ್ಸು ಮಾಡಿದರೆ ಬರೆಯಬಹುದು ಅಂತ ಆಯ್ತಲ್ಲ.

ನಮ್ಮ ಕಡೆಯ ಬಿಸಿಲಿನ ಲೆಕ್ಕವನ್ನೂ ಹೇಳಬೇಕು. ಕೂಲಿಂಗ್ ಎಷ್ಟು ಬಿಸಿ ಎಳೆಯುತ್ತದೆ ಅನ್ನುವುದು ಚಿಪ್ಪಿಗೂ ಕೋಣೆಯ ಗಾಳಿಗೂ ನಡುವಿನ ಅಂತರದ ಮೇಲೆ ನಿಂತಿದೆ. ಚಿಪ್ 100 ಡಿಗ್ರಿ, ಕೋಣೆ 25 ಡಿಗ್ರಿ ಇದ್ದರೆ ಅಂತರ 75. ಅದೇ ಕೋಣೆ 40 ಡಿಗ್ರಿ ಆದರೆ ಅಂತರ 60. ಐದರಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಏಸಿ ಕೋಣೆಯಲ್ಲಿ 45 ವ್ಯಾಟ್ ತಡೆಯುವ ಕೂಲಿಂಗ್ ರಾಯಚೂರಿನ ಮೇ ತಿಂಗಳಲ್ಲಿ ಹೆಚ್ಚೆಂದರೆ 36 ವ್ಯಾಟ್ ತಡೆದೀತು. ಹಾಗಾಗಿ ಡಬ್ಬಿಯ ಮೇಲೆ ಒಂದು ಸಾಲು ಬೇಕು: ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಒಟ್ಟಿಗೆ ದುಡಿಯುವಾಗ ಅರ್ಧ ಗಂಟೆ ಸತತವಾಗಿ ಎಷ್ಟು ವ್ಯಾಟ್, 25 ಡಿಗ್ರಿಯಲ್ಲಿ ಎಷ್ಟು, 40 ಡಿಗ್ರಿಯಲ್ಲಿ ಎಷ್ಟು. ಜಾಗ ಇಲ್ಲ ಅಂದರೆ ಕ್ಯೂಆರ್ ಕೋಡ್ ಸಾಕು. ಎಲೆಕ್ಟ್ರಾನಿಕ್ಸ್ ಸಾಮಾನಿನ ಕೆಲವು ವಿವರವನ್ನು ಕ್ಯೂಆರ್ ಕೋಡಿನಲ್ಲಿ ಕೊಡಲು 2022ರಲ್ಲಿ ಅವಕಾಶ ಕೊಟ್ಟಿದ್ದು ನಿಮ್ಮ ಇಲಾಖೆಯೇ. ಸಾಮಾನಿನ ಗುಣಮಟ್ಟ, ಪ್ರಮಾಣ, ಸಾಮರ್ಥ್ಯ ತಿಳಿಯುವುದು ಗ್ರಾಹಕರ ಹಕ್ಕು ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ನಾನು ಕೇಳುತ್ತಿರುವುದು ಅದೇ ಸಾಮರ್ಥ್ಯದ ಲೆಕ್ಕ.

ಇನ್ನೊಂದು ವಿಷಯ ಧೂಳಿನದು. ನನ್ನ ಸ್ವಂತ ಲ್ಯಾಪ್‌ಟಾಪಿನ ಫ್ಯಾನ್ ಸದ್ದು ಮಾಡಲು ಶುರು ಮಾಡಿದಾಗ ಸರ್ವಿಸ್ ಸೆಂಟರಿಗೆ ಹೋದೆ. ನೀವೇ ಬಿಚ್ಚಿ ಕ್ಲೀನ್ ಮಾಡಿದರೆ ವಾರಂಟಿ ಹೋಗುತ್ತದೆ ಅಂದರು. ಹೀಟ್‌ಸಿಂಕ್ (ಆ ತಾಮ್ರದ ಪೈಪ್, ತಗಡುಗಳ ಜೋಡಣೆ) ಬಿಡಿಯಾಗಿ ಕೊಡುವುದಿಲ್ಲ, ಬೋರ್ಡ್ ಸಮೇತ ತಗೊಳ್ಳಿ ಅಂದರು. ಬೋರ್ಡಿನ ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ. ಧೂಳು ತೆಗೆಯುವುದಕ್ಕೂ ವಾರಂಟಿಗೂ ಯಾಕೆ ಗಂಟು ಹಾಕಬೇಕು? ‘ಸ್ಟಿಕ್ಕರ್ ಹರಿದರೆ ವಾರಂಟಿ ಇಲ್ಲ’ ಅನ್ನುವ ಕಂಪನಿಗಳಿಗೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲೇ ಎಚ್ಚರಿಕೆ ಪತ್ರ ಕಳಿಸಿತ್ತು. ಇಲ್ಲೂ ಅಂಥದ್ದೊಂದು ಸ್ಪಷ್ಟ ಆದೇಶ ಬರಬೇಕು.

ನಿಮ್ಮ ಇಲಾಖೆ ಏನೂ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. 2022ರ ಜುಲೈಯಲ್ಲಿ ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಸಮಿತಿ ಆಯಿತು, ಡಿಸೆಂಬರ್‌ನಲ್ಲಿ ಪೋರ್ಟಲ್ ಬಂತು. ರಿಪೇರಿ ಎಷ್ಟು ಸುಲಭ ಅಂತ ಅಂಕ ಕೊಡುವ ಸೂಚ್ಯಂಕದ ವರದಿ 2025ರ ಮೇ ತಿಂಗಳಲ್ಲಿ ನಿಮ್ಮ ಇಲಾಖೆಯ ಕೈಗೆ ಬಂತು. ಅದು ಶುರುವಾಗುವುದು ಮೊಬೈಲ್ ಮತ್ತು ಟ್ಯಾಬ್ಲೆಟ್‌ನಿಂದ. ಬ್ಯಾಟರಿ, ಸ್ಕ್ರೀನ್, ಕ್ಯಾಮೆರಾ, ಚಾರ್ಜಿಂಗ್ ಪೋರ್ಟ್ ಇವೆಲ್ಲ ಮುಖ್ಯ ಬಿಡಿಭಾಗಗಳ ಪಟ್ಟಿಯಲ್ಲಿವೆ. ಒಳ್ಳೆಯ ಕೆಲಸ. ಫ್ರಾನ್ಸ್‌ನಲ್ಲಿ ಇಂಥ ಸೂಚ್ಯಂಕ 2021ರ ಜನವರಿಯಲ್ಲಿ ಶುರುವಾದಾಗಲೇ ಲ್ಯಾಪ್‌ಟಾಪ್ ಕೂಡ ಅದರಲ್ಲಿತ್ತು. ನಮ್ಮಲ್ಲಿ ಮುಂದಿನ ಸರದಿ ಲ್ಯಾಪ್‌ಟಾಪಿನದಾಗಲಿ. ಆ ಪಟ್ಟಿಗೆ ಫ್ಯಾನ್ ಮತ್ತು ಹೀಟ್‌ಸಿಂಕ್ ಎರಡನ್ನೂ ಸೇರಿಸಿ, ಬಿಡಿಯಾಗಿ ಬೆಲೆ ಹಾಕಿ ಮಾರುವ ಕಂಪನಿಗೆ ಅಂಕ ಕೊಡಿ.

ಲ್ಯಾಪ್‌ಟಾಪಿನ ಸೂಚ್ಯಂಕದ ಕರಡು ತಯಾರಾದಾಗ ಕನ್ನಡದಲ್ಲೂ ಹೊರಬರಲಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ ದಿನಕ್ಕೆ ಹತ್ತಾರು ಲ್ಯಾಪ್‌ಟಾಪ್ ಬಿಚ್ಚುವ ಹುಡುಗರಿದ್ದಾರೆ. ಯಾವ ಮಾಡೆಲ್ಲಿನ ಫ್ಯಾನ್ ತೆಗೆಯಲು ಇಡೀ ಬೋರ್ಡ್ ಎಬ್ಬಿಸಬೇಕು, ಯಾವುದರ ಪೈಪ್ ಸಣ್ಣದು ಅಂತ ಅವರಿಗೆ ಬಾಯಿಪಾಠ. ಅವರೂ ಓದಿ, ಅಭಿಪ್ರಾಯ ಬರೆದು ಕಳಿಸುವಷ್ಟು ಸಮಯ ಕೊಡಿ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ಹುಬ್ಬಳ್ಳಿ